ಮೈಸೂರಿನಲ್ಲಿ ಮನೆ ಬದಲಿಸುವುದು: ಒಂದು ತಿಂಗಳ ತಯಾರಿಯ ಪೂರ್ತಿ ವಿವರ

ಅಗ್ರಹಾರದ ಹಳೆ ಮನೆಯಿಂದ ಕುವೆಂಪುನಗರಕ್ಕೆ ನಾವು ಮೊದಲ ಸಲ ಮನೆ ಬದಲಿಸಿದಾಗ ಒಂದು ಚಮಚವನ್ನೂ ಬಿಡದೆ ಪ್ಯಾಕ್ ಮಾಡಿದ್ದೆವು. ಗಾಡಿ ಬಂತು, ಇಳಿಸಿದರು, ಹೋದರು. ರಾತ್ರಿ ಒಂಬತ್ತಾಯಿತು. ಅಪ್ಪ ಬಿ.ಪಿ. ಮಾತ್ರೆ ಕೇಳಿದರು. ಮಾತ್ರೆ ಡಬ್ಬಿ ಯಾವುದೋ ಗೋಣಿಚೀಲದ ತಳದಲ್ಲಿತ್ತು. ಹಾಲ್ ತುಂಬ ಒಂದರ ಮೇಲೊಂದು ಮೂವತ್ತೆಂಟು ಮೂಟೆ. ಒಂದರ ಮೇಲೂ ಹೆಸರಿಲ್ಲ. ಆ ರೂಮಿಗೆ ಬಲ್ಬೂ ಇರಲಿಲ್ಲ. ಮೊಬೈಲ್ ಬೆಳಕು ಹಿಡಿದು ಹನ್ನೊಂದು ಮೂಟೆ ಬಿಚ್ಚಿದ ಮೇಲೆ ಮಾತ್ರೆ ಸಿಕ್ಕಿತು. ಅಷ್ಟರಲ್ಲಿ ಅಪ್ಪ ಖಾಲಿ ನೆಲದ ಮೇಲೆ ಟವೆಲ್ ಹಾಸಿಕೊಂಡು ಮಲಗಿಬಿಟ್ಟಿದ್ದರು.

ಆಮೇಲೆ ಮೈಸೂರಿನಲ್ಲೇ ಇನ್ನೂ ಮೂರು ಸಲ ಮನೆ ಬದಲಿಸಿದೆವು. ಆ ರಾತ್ರಿಯಿಂದ ನಾನು ಪ್ಯಾಕ್ ಮಾಡುವ ರೀತಿಯೇ ಬೇರೆಯಾಯಿತು. ಹಳೆ ಮನೆಯಲ್ಲಿ ಯಾವುದು ಎಲ್ಲಿದೆ ಅಂತ ನೋಡಿ ತುಂಬುವುದಿಲ್ಲ. ಹೊಸ ಮನೆಗೆ ಹೋದ ದಿನ ರಾತ್ರಿ ಏನು ಬೇಕು, ಮಾರನೇ ದಿನ ಏನು ಬೇಕು, ಆ ವಾರ ಏನು ಬೇಕು ಅಂತ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬರುತ್ತೇನೆ. ಕೆಳಗೆ ಬರೆದಿರುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ದಿನ ಗೊತ್ತು ಮಾಡುವುದು

ಮೊದಲು ದಿನ ಗಟ್ಟಿ ಮಾಡಿಕೊಳ್ಳಿ. ನಮ್ಮ ಕಡೆ ಆಷಾಢ, ಧನುರ್ಮಾಸ, ಪಿತೃಪಕ್ಷದಲ್ಲಿ ಹೊಸ ಮನೆಗೆ ಹಾಲುಕ್ಕಿಸುವವರು ಕಡಿಮೆ. ಹಾಗಾಗಿ ಆಷಾಢ ಮುಗಿದು ಶ್ರಾವಣ ಬಂದ ತಕ್ಷಣ ಎಲ್ಲರಿಗೂ ಒಟ್ಟಿಗೆ ಗಾಡಿ ಬೇಕಾಗುತ್ತದೆ. ಮೇ ತಿಂಗಳೂ ಅಷ್ಟೇ, ಶಾಲೆ ಶುರುವಾಗುವ ಮುಂಚೆ ಸೇರಿಕೊಳ್ಳಬೇಕು ಅಂತ ಎಲ್ಲರಿಗೂ ಅವಸರ. ಈ ಎರಡು ಹೊತ್ತಿನಲ್ಲಿ ಹೋಗುವವರು ಮೂರು ವಾರ ಮುಂಚೆಯೇ ಗಾಡಿ ಹೇಳಿಡಿ. ಇಂಥ ನಂಬಿಕೆ ಇಲ್ಲದವರಿಗೆ ಆಷಾಢ ಒಳ್ಳೆ ಸಮಯ. ಗಾಡಿಯೂ ಸಿಗುತ್ತದೆ, ಬಾಡಿಗೆಯಲ್ಲೂ ಚೌಕಾಸಿ ಮಾಡಬಹುದು.

ದಸರಾ ಹತ್ತು ದಿನ, ಅದರಲ್ಲೂ ವಿಜಯದಶಮಿ ದಿನ, ನಗರದ ಒಳಗೆ ಸಾಮಾನು ಸಾಗಿಸುವ ಯೋಚನೆಯನ್ನೇ ಮಾಡಬೇಡಿ. ಅರಮನೆಯಿಂದ ಬನ್ನಿಮಂಟಪದವರೆಗೆ ಜಂಬೂಸವಾರಿ ಹೋಗುವ ದಾರಿ ಬಂದ್ ಆಗಿರುತ್ತದೆ. ಅದರ ಒತ್ತಡ ಸುತ್ತಲಿನ ಎಲ್ಲ ರಸ್ತೆಗಳ ಮೇಲೆ ಬೀಳುತ್ತದೆ.

ರಾಹುಕಾಲ ನೋಡುವವರು ಮನೆಯಲ್ಲಿದ್ದರೆ ಗಾಡಿಯವರಿಗೆ ಹೇಳುವ ಮುಂಚೆಯೇ ಕೇಳಿಕೊಳ್ಳಿ. ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಲೋಡ್ ಆದ ಗಾಡಿಯನ್ನು ಒಂದೂವರೆ ಗಂಟೆ ಬಾಗಿಲಲ್ಲಿ ನಿಲ್ಲಿಸಿಕೊಂಡರೆ ಕಾಯುವ ದುಡ್ಡು ಕೊಡಬೇಕಾಗುತ್ತದೆ. ಭಾನುವಾರ ರಾಹುಕಾಲ ಇರುವುದು ಸಂಜೆ ನಾಲ್ಕೂವರೆಯಿಂದ ಆರು. ಬೆಳಿಗ್ಗೆಯ ಕೆಲಸಕ್ಕೆ ಅಡ್ಡಿ ಇಲ್ಲ.

ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಮೈಸೂರಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆ ಬರುತ್ತದೆ. ಬೆಳಿಗ್ಗೆ ಆರೂವರೆ ಏಳಕ್ಕೆ ಲೋಡ್ ಶುರು ಮಾಡಿ ಮಧ್ಯಾಹ್ನ ಒಂದರ ಒಳಗೆ ಇಳಿಸಿ ಮುಗಿಸುವ ಹಾಗೆ ನೋಡಿಕೊಳ್ಳಿ. ಗಾಡಿಗೆ ಟಾರ್ಪಾಲ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಒದ್ದೆಯಾದ ಹತ್ತಿ ಹಾಸಿಗೆ ಒಣಗಲು ಒಂದು ವಾರ ಬೇಕು.

ಹೊಸ ಮನೆಗೆ ಟೇಪು ಹಿಡಿದುಕೊಂಡು ಹೋಗಿ

ಅಡ್ವಾನ್ಸ್ ಕೊಟ್ಟ ಮೇಲೆ, ಸಾಮಾನು ತುಂಬುವ ಮುಂಚೆ, ಒಂದು ಸಲ ಅಳತೆ ಟೇಪು ಹಿಡಿದುಕೊಂಡು ಹೊಸ ಮನೆಗೆ ಹೋಗಿ ಬನ್ನಿ. ಮುಂಬಾಗಿಲ ಅಗಲ, ಮೆಟ್ಟಿಲು ತಿರುಗುವ ಜಾಗ, ಲಿಫ್ಟಿನ ಒಳಗಿನ ಎತ್ತರ ಅಳೆದು ಬರೆದುಕೊಳ್ಳಿ. ಹಳೆ ಕಾಲದ ಗಾಡ್ರೆಜ್ ಬೀರು ಮತ್ತು ಬಿಚ್ಚಲು ಬಾರದ ಮರದ ಮಂಚ, ಇವೆರಡೇ ಸಾಮಾನ್ಯವಾಗಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುವುದು. ದಟ್ಟಗಳ್ಳಿಯ ಮನೆಗೆ ಹೋಗುವಾಗ ಅಳತೆ ಮೊದಲೇ ಗೊತ್ತಿತ್ತು. ಅಜ್ಜಿಯ ಬೀಟೆ ಮಂಚವನ್ನು ಬಡಗಿಯನ್ನು ಕರೆಸಿ ಬಿಚ್ಚಿಸಿಟ್ಟಿದ್ದೆವು. ಇಲ್ಲದಿದ್ದರೆ ಅದು ರಸ್ತೆಯಲ್ಲೇ ಉಳಿಯುತ್ತಿತ್ತು.

ನೀರಿನ ವಿಷಯ ಕೇಳಿ. ನಗರದ ಹಳೆ ಬಡಾವಣೆಗಳಿಗೆ ಕಾವೇರಿ, ಕಬಿನಿ ನೀರು ಬರುತ್ತದೆ. ಹೊರಗಿನ ಹೊಸ ಲೇಔಟುಗಳಲ್ಲಿ ಎಷ್ಟೋ ಕಡೆ ಬೋರ್ ನೀರೇ ಗತಿ. ಗಡಸು ನೀರಾದರೆ ಗೀಸರ್, ವಾಷಿಂಗ್ ಮಷೀನ್ ಎರಡಕ್ಕೂ ಉಪ್ಪು ಕಟ್ಟುತ್ತದೆ. ಸಂಪು, ಮೇಲಿನ ಟ್ಯಾಂಕು ತೊಳೆಸಿದ್ದಾರಾ, ಯಾವ ದಿನ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಅಂತ ಮನೆಯವರ ಹತ್ತಿರ ಕೇಳುವುದಕ್ಕಿಂತ ಪಕ್ಕದ ಮನೆಯವರ ಹತ್ತಿರ ಕೇಳಿ. ಅಡುಗೆಮನೆಯಲ್ಲಿ ಗ್ರೈಂಡರ್, ಫ್ರಿಜ್, ಮಿಕ್ಸಿಗೆ ಪ್ಲಗ್ ಎಲ್ಲೆಲ್ಲಿದೆ ನೋಡಿ. ಬಲ್ಬ್ ಹೋಲ್ಡರ್ ಇದೆ, ಬಲ್ಬ್ ಇಲ್ಲ ಅನ್ನುವ ರೂಮುಗಳನ್ನು ಎಣಿಸಿಕೊಳ್ಳಿ. ಬಾಗಿಲ ಬೀಗ ಬದಲಿಸುವುದಾದರೆ ಈಗಲೇ ಬದಲಿಸಿ. ಹಳೆ ಬಾಡಿಗೆದಾರರ ಹತ್ತಿರ ಇನ್ನೊಂದು ಕೀ ಉಳಿದಿರಬಹುದು.

ಇಂಟರ್ನೆಟ್ ಬೇಕಿದ್ದರೆ ಹತ್ತು ದಿನ ಮುಂಚೆ ಹೇಳಿ. ಮಕ್ಕಳ ಆನ್‌ಲೈನ್ ಕ್ಲಾಸು, ಮನೆಯಿಂದ ಕೆಲಸ, ಎರಡೂ ಅದರ ಮೇಲೆ ನಿಂತಿರುತ್ತವೆ.

ಬಿಡುವುದು, ಕೊಡುವುದು

ಪ್ಯಾಕಿಂಗ್ ಶುರುವಾಗುವುದು ಅಟ್ಟದಿಂದ. ಮೇಲೆ ಇಟ್ಟು ಎರಡು ವರ್ಷ ಮುಟ್ಟದ ಸಾಮಾನು ಹೊಸ ಮನೆಯ ಅಟ್ಟಕ್ಕೂ ಹಾಗೇ ಹೋಗುತ್ತದೆ, ಅದಕ್ಕೂ ಗಾಡಿ ಬಾಡಿಗೆ ಕೊಟ್ಟಿರುತ್ತೀರಿ. ಮೊದಲ ವಾರ ಪೂರ್ತಿ ಇದಕ್ಕೇ ಇಡಿ. ಹಳೆ ಪೇಪರ್ ಗುಜರಿಯವರಿಗೆ ಹಾಕಬೇಡಿ, ಸುತ್ತುವುದಕ್ಕೆ ಬೇಕು. ಒಡೆದ ಕುಕ್ಕರ್, ಸುಟ್ಟ ಮಿಕ್ಸಿ, ತುಕ್ಕು ಹಿಡಿದ ಕಬ್ಬಿಣ ಈಗಲೇ ಹಾಕಿ.

ದಿನಸಿಯನ್ನು ಒಂದು ತಿಂಗಳು ಮುಂಚಿನಿಂದ ಇಳಿಸುತ್ತಾ ಬನ್ನಿ. ಹೊಸದಾಗಿ ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ತರಿಸಬೇಡಿ. ಹುಳ ಹಿಡಿದ ರವೆ, ವರ್ಷ ಕಳೆದ ಸಾಂಬಾರ್ ಪುಡಿ ಖರ್ಚು ಮಾಡಿ ಇಲ್ಲ ಬಿಸಾಕಿ. ಆದರೆ ಅಕ್ಕಿ, ಬೇಳೆ, ಉಪ್ಪಿನ ಡಬ್ಬ ಪೂರ್ತಿ ಬರಿದು ಮಾಡಿ ಒಯ್ಯಬೇಡಿ ಅಂತ ನಮ್ಮ ಹಿರಿಯರು ಹೇಳುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಒಂದೊಂದು ಡಬ್ಬದಲ್ಲಿ ಎರಡು ಹಿಡಿ ಉಳಿಸಿದರೂ ಆಯಿತು.

ಸುತ್ತುವ ಸಾಮಾನು ಎಲ್ಲಿಂದ

ರಟ್ಟಿನ ಡಬ್ಬ ದುಡ್ಡು ಕೊಟ್ಟು ಕೊಳ್ಳುವ ಮುಂಚೆ ನೀವು ದಿನಾ ಹೋಗುವ ದಿನಸಿ ಅಂಗಡಿ, ಮೆಡಿಕಲ್ ಸ್ಟೋರಿನಲ್ಲಿ ಒಂದು ಮಾತು ಹೇಳಿಡಿ. ಮೆಡಿಕಲ್ ಸ್ಟೋರಿನ ಡಬ್ಬಗಳು ಚಿಕ್ಕವು, ಗಟ್ಟಿ, ವಾಸನೆ ಇರುವುದಿಲ್ಲ. ಪುಸ್ತಕಕ್ಕೂ ಗಾಜಿನ ಸಾಮಾನಿಗೂ ಅವೇ ಒಳ್ಳೆಯವು. ಬಿಸ್ಕತ್ತು, ಚಿಪ್ಸಿನ ಡಬ್ಬ ದೊಡ್ಡವು, ಹಗುರ. ಅವುಗಳಲ್ಲಿ ದಿಂಬು, ಪ್ಲಾಸ್ಟಿಕ್ ಸಾಮಾನು ತುಂಬಿ. ಖಾಲಿ ಗೋಣಿಚೀಲ ಸಂತೆಪೇಟೆಯ ಸಗಟು ಅಂಗಡಿಗಳ ಕಡೆ ವಿಚಾರಿಸಿ. ಜೊತೆಗೆ ಒಂದು ದಬ್ಬಳ, ಒಂದು ಉಂಡೆ ಸೆಣಬಿನ ದಾರ ತನ್ನಿ. ಬಾಯಿ ಕಟ್ಟಿದ ಚೀಲಕ್ಕಿಂತ ಹೊಲಿದ ಚೀಲ ಎಷ್ಟೋ ವಾಸಿ, ಎತ್ತುವಾಗ ಬಿಚ್ಚಿಕೊಳ್ಳುವುದಿಲ್ಲ.

ಹಳೆ ಬೆಡ್‌ಶೀಟು, ಪಂಚೆ, ಸ್ವೆಟರು, ಟವೆಲ್ ಇವುಗಳನ್ನು ಬೇರೆ ಮೂಟೆ ಕಟ್ಟಬೇಡಿ. ಹೇಗೂ ಒಯ್ಯಬೇಕಲ್ವಾ, ಅವುಗಳಲ್ಲೇ ಪಾತ್ರೆ, ಪಟ, ಗಾಜು ಸುತ್ತಿ. ಬಬಲ್ ಶೀಟು ತರುವ ಖರ್ಚು ಅರ್ಧ ಉಳಿಯುತ್ತದೆ.

ಇನ್ನು ಒಂದು ನೂರು ಪುಟದ ನೋಟ್‌ಬುಕ್ ಮತ್ತು ದಪ್ಪ ಮಾರ್ಕರ್ ಪೆನ್ನು. ಪ್ರತಿ ಡಬ್ಬಕ್ಕೂ ಒಂದು ನಂಬರ್. ಮೇಲೆ ಒಂದು ಕಡೆ, ಪಕ್ಕದಲ್ಲಿ ಎರಡು ಕಡೆ ಬರೆಯಿರಿ. ಒಂದರ ಮೇಲೊಂದು ಪೇರಿಸಿದಾಗ ಮೇಲಿನ ಬರಹ ಕಾಣುವುದಿಲ್ಲ. ನಂಬರ್ ಜೊತೆಗೆ ಹೊಸ ಮನೆಯ ಯಾವ ರೂಮಿಗೆ ಅಂತ ಬರೆಯಿರಿ, ಹಳೆ ಮನೆಯ ರೂಮಲ್ಲ. ಒಳಗೆ ಏನಿದೆ ಅನ್ನುವುದು ನೋಟ್‌ಬುಕ್ಕಿನಲ್ಲಿರಲಿ. ಹೀಗೆ: ‘14. ಅಡುಗೆಮನೆ. ಇಡ್ಲಿ ಪಾತ್ರೆ, ಒಗ್ಗರಣೆ ಸೌಟು, ಕಾಫಿ ಫಿಲ್ಟರ್, ಲೋಟ 6.’ ಹೋದ ದಿನವೇ ಬೇಕಾದ ಡಬ್ಬಕ್ಕೆ ಅರಿಶಿನದ ಬೊಟ್ಟು ಇಡಿ. ನಮ್ಮ ಮನೆಯಲ್ಲಿ ಐದು ಡಬ್ಬಕ್ಕಿಂತ ಜಾಸ್ತಿ ಬೊಟ್ಟು ಇಡುವುದಿಲ್ಲ. ಎಲ್ಲವೂ ಅರ್ಜೆಂಟ್ ಆದರೆ ಯಾವುದೂ ಕೈಗೆ ಸಿಗುವುದಿಲ್ಲ.

ದಸರಾ ಗೊಂಬೆಗಳು

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೈಸೂರಿನ ಎಷ್ಟೋ ಮನೆಗಳಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವುದು, ಒಡೆದರೆ ಮತ್ತೆ ಸಿಗದೇ ಇರುವುದು ಗೊಂಬೆ ಪೆಟ್ಟಿಗೆಯೇ. ಇದನ್ನು ಲೋಡಿಂಗ್‌ನವರಿಗೆ ಬಿಡಬೇಡಿ. ಒಂದು ಮಧ್ಯಾಹ್ನ ಮನೆಯವರೇ ಕೂತು ಮಾಡಿ.

ಮೊದಲು ಒಂದೊಂದನ್ನೂ ಒಣ ಬ್ರಷ್ಷಿನಿಂದ ಒರೆಸಿ. ಹಳೆ ಶೇವಿಂಗ್ ಬ್ರಷ್ ಇದ್ದರೆ ಬಹಳ ಒಳ್ಳೆಯದು. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಮಣ್ಣಿನ ಗೊಂಬೆಯ ಬಣ್ಣ ಏಳುತ್ತದೆ. ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯ ಚೂರು ತೆಗೆದುಕೊಂಡು ಮೊದಲು ಕುತ್ತಿಗೆ ಸುತ್ತ ಸುತ್ತಿ. ತಲೆಗೂ ಭುಜಕ್ಕೂ ನಡುವೆ ಇರುವ ಹಳ್ಳ ತುಂಬಬೇಕು. ಗೊಂಬೆ ಒಡೆಯುವುದು ಹೆಚ್ಚಾಗಿ ಕುತ್ತಿಗೆಯಲ್ಲಿ. ಅಲ್ಲಿ ಹಳ್ಳ ಹಾಗೇ ಬಿಟ್ಟರೆ ಗಾಡಿ ಹಾರಿದಾಗ ತಲೆಯ ಭಾರ ಪೂರ್ತಿ ಆ ತೆಳು ಜಾಗದ ಮೇಲೆ ಬೀಳುತ್ತದೆ. ಚಾಚಿದ ಕೈ, ಕೊಳಲು, ವೀಣೆಯ ದಂಡಿ ಇವಕ್ಕೂ ಹೀಗೇ ಸಣ್ಣ ಸಣ್ಣ ಬಟ್ಟೆ ತುರುಕಿ. ಗೊಂಬೆ ಒಂದು ದುಂಡನೆಯ ಉಂಡೆಯ ಹಾಗೆ ಕಾಣಬೇಕು. ಆಮೇಲೆ ಮಾತ್ರ ಪೇಪರ್. ಪೇಪರ್ ನೇರವಾಗಿ ಸುತ್ತಿದರೆ ಅಚ್ಚಿನ ಮಸಿ ಬಿಳಿ ಬಣ್ಣಕ್ಕೆ ಹತ್ತುತ್ತದೆ. ನಮ್ಮ ಶೆಟ್ಟಿ ಗೊಂಬೆಯ ಹೊಟ್ಟೆಯ ಮೇಲೆ ಯಾವುದೋ ಕಾಲದ ಸುದ್ದಿಯ ನಾಲ್ಕು ಅಕ್ಷರ ಇಂದಿಗೂ ಇದೆ.

ಪಟ್ಟದ ಗೊಂಬೆಗಳದ್ದು ಬೇರೆ ಲೆಕ್ಕ. ಅವು ಮರದ್ದು, ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ತವರಿನಿಂದ ಮಗಳಿಗೆ ಕೊಟ್ಟ ಜೋಡಿ, ಮೈಮೇಲೆ ಸೀರೆ, ಪೇಟ, ಮುತ್ತಿನ ಸರ ಎಲ್ಲ ಇರುತ್ತದೆ. ಅಲಂಕಾರದ ಒಂದು ಫೋಟೋ ತೆಗೆದುಕೊಂಡು, ಸರ, ಕಿರೀಟ ಬಿಚ್ಚಿ ಚಿಕ್ಕ ಡಬ್ಬಿಗೆ ಹಾಕಿ. ಗೊಂಬೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ. ಮರಕ್ಕೆ ಹುಳದ ಭಯ, ಆದ್ದರಿಂದ ಚೆನ್ನಾಗಿ ಒಣಗಿದ ಬೇವಿನ ಎಲೆ ಹಾಕಿ. ಹಸಿ ಎಲೆ ಬೇಡ, ತೇವ ಬಿಡುತ್ತದೆ.

ಪೆಟ್ಟಿಗೆಯ ತಳಕ್ಕೆ ನಾಲ್ಕು ಮಡಿಕೆ ಕಂಬಳಿ. ಅದರ ಮೇಲೆ ಭಾರದ್ದು, ಮೇಲೆ ಹಗುರದ್ದು. ಉದ್ದನೆಯ ತೆಳು ಗೊಂಬೆಗಳನ್ನು ನಿಲ್ಲಿಸಬೇಡಿ, ಅಂಗಾತ ಮಲಗಿಸಿ. ಮುಚ್ಚುವ ಮುಂಚೆ ಪೆಟ್ಟಿಗೆಯನ್ನು ಮೆಲ್ಲಗೆ ಒಂದು ಸಲ ಅಲ್ಲಾಡಿಸಿ. ಏನಾದರೂ ಸರಿದಾಡಿದ ಸದ್ದು ಬಂದರೆ ಇನ್ನೂ ಬಟ್ಟೆ ಬೇಕು ಅಂತ. ಸದ್ದೇ ಇಲ್ಲದಿದ್ದರೆ ಮುಚ್ಚಿ, ‘ಗೊಂಬೆ, ಮೇಲೆ ಏನೂ ಇಡಬೇಡಿ’ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ನಾವು ಕಳೆದ ಸಲ ನೂರಾ ಹನ್ನೆರಡು ಗೊಂಬೆ ಒಯ್ದೆವು. ಒಂದರ ಬೆರಳೂ ಮುರಿಯಲಿಲ್ಲ.

ರೇಷ್ಮೆ, ಪಟ, ಉಪ್ಪಿನಕಾಯಿ

ಮೈಸೂರು ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯಬೇಡಿ. ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಗಲಬಾರದು. ಹೇಗೂ ಬಿಚ್ಚುತ್ತೀರಿ, ಇದೇ ನೆಪದಲ್ಲಿ ಮಡಿಕೆ ಬದಲಿಸಿಬಿಡಿ.

ಗಾಜು ಹಾಕಿದ ದೇವರ ಪಟಗಳಿಗೆ ಗಾಜಿನ ಮೇಲೆ ಅಡ್ಡಡ್ಡ ಎರಡು ಪಟ್ಟಿ ಟೇಪು ಅಂಟಿಸಿ. ಒಡೆದರೂ ಚೂರು ಚದುರಿ ಚಿತ್ರ ಗೀರುವುದಿಲ್ಲ. ಹಳೆಯ ಮೈಸೂರು ಶೈಲಿಯ ಚಿತ್ರ ಇದ್ದರೆ, ಚಿನ್ನದ ರೇಕು ಅಂಟಿಸಿದ ಉಬ್ಬು ಕೆಲಸದ ಮೇಲೆ ಒತ್ತಡ ಬೀಳಬಾರದು. ನಿಲ್ಲಿಸಿಯೇ ಒಯ್ಯಿರಿ, ಎರಡು ಹಾಸಿಗೆಯ ನಡುವೆ. ದೀಪದ ಕಂಬಗಳಿಂದ ಎಣ್ಣೆ ಸುರಿದು ಒರೆಸಿಟ್ಟು ಆಮೇಲೆ ತುಂಬಿ.

ಉಪ್ಪಿನಕಾಯಿ ಜಾಡಿ ಮಾತ್ರ ಗಾಡಿಗೆ ಹಾಕಲೇಬೇಡಿ. ಎರಡನೇ ಸಲ ಮನೆ ಬದಲಿಸಿದಾಗ ನಮ್ಮ ನಿಂಬೆಹಣ್ಣಿನ ಉಪ್ಪಿನಕಾಯಿ ಮಗುಚಿ, ಪಕ್ಕದ ಮೂಟೆಯಲ್ಲಿದ್ದ ಮಗುವಿನ ಯೂನಿಫಾರಂಗಳಿಗೆಲ್ಲ ಎಣ್ಣೆ ಇಳಿಯಿತು. ಮೂರು ಸಲ ಒಗೆದರೂ ವಾಸನೆ ಹೋಗಲಿಲ್ಲ. ಜಾಡಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಟ್ಟೆ, ಅದರ ಮೇಲೆ ಬಿಗಿಯಾಗಿ ದಾರ. ಆಮೇಲೆ ಬಕೆಟ್ಟಿನೊಳಗೆ ನಿಲ್ಲಿಸಿ, ಕಾಲಿನ ಹತ್ತಿರ ಇಟ್ಟುಕೊಂಡು ಆಟೋದಲ್ಲಿ ಒಯ್ಯಿರಿ. ತುಪ್ಪ, ಜೇನು, ಕೊಬ್ಬರಿ ಎಣ್ಣೆಗೂ ಇದೇ ಉಪಾಯ.

ಪುಸ್ತಕಗಳ ಬಗ್ಗೆ ಒಂದೇ ಮಾತು: ಚಿಕ್ಕ ಡಬ್ಬ. ಒಂದು ಡಬ್ಬ ಹದಿನೈದು ಕಿಲೋ ದಾಟಬಾರದು. ಮೂರನೇ ಮಹಡಿಗೆ ಹೊರುವವರ ಬೆನ್ನೂ ಬೆನ್ನೇ.

ಮಷೀನುಗಳು

ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಬಾಗಿಲು ತೆರೆದಿಡಿ. ಐಸು ಕರಗಿ, ನೀರು ಒರೆಸಿ, ತಟ್ಟೆಗಳನ್ನು ಹೊರಗೆ ತೆಗೆದು ಸುತ್ತಿ. ನಿಲ್ಲಿಸಿಯೇ ಸಾಗಿಸಬೇಕು. ಹೊಸ ಮನೆಯಲ್ಲಿ ಇಟ್ಟ ತಕ್ಷಣ ಆನ್ ಮಾಡಬೇಡಿ, ಮೂರು ನಾಲ್ಕು ಗಂಟೆ ಬಿಡಿ. ದಾರಿಯಲ್ಲಿ ಮಲಗಿಸಿದ್ದರೆ ಒಂದು ದಿನ ಪೂರ್ತಿ ಬಿಡಿ. ಕಂಪ್ರೆಸರ್‌ನೊಳಗಿನ ಎಣ್ಣೆ ಪೈಪುಗಳಿಗೆ ಹರಿದಿರುತ್ತದೆ, ಅದು ವಾಪಸ್ ಇಳಿಯಬೇಕು.

ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿಗೆ ಕೊಂಡಾಗ ಹಿಂದೆ ಉದ್ದದ ಬೋಲ್ಟುಗಳಿದ್ದವು, ನೆನಪಿದೆಯಾ? ಡ್ರಮ್ ಒಳಗೆ ಸ್ಪ್ರಿಂಗಿನ ಮೇಲೆ ತೂಗುತ್ತಿರುತ್ತದೆ. ಸಾಗಿಸುವಾಗ ಅದು ಬಡಿದಾಡದಿರಲಿ ಅಂತ ಹಾಕುವ ಬೋಲ್ಟು ಅವು. ಹುಡುಕಿ ಹಾಕಿ. ಹೊಸ ಮನೆಯಲ್ಲಿ ಚಾಲೂ ಮಾಡುವ ಮುಂಚೆ ಮರೆಯದೆ ತೆಗೆಯಿರಿ. ಪೈಪಿನಲ್ಲಿ ಉಳಿದ ನೀರು ಬಸಿಯಿರಿ.

ಇನ್ವರ್ಟರ್ ಬ್ಯಾಟರಿ ಯಾವಾಗಲೂ ನೆಟ್ಟಗೆ. ಮೊದಲು ಕಪ್ಪು ವೈರು ಬಿಚ್ಚಿ, ಆಮೇಲೆ ಕೆಂಪು. ಬಟ್ಟೆ, ಹಾಸಿಗೆಯ ಹತ್ತಿರ ಇಡಬೇಡಿ. ಚೆಲ್ಲಿದ ಆಸಿಡ್ ಬಟ್ಟೆಯನ್ನೇ ತಿಂದುಹಾಕುತ್ತದೆ. ಎ.ಸಿ. ಇದ್ದರೆ ಮೆಕ್ಯಾನಿಕ್ಕನ್ನು ಕರೆಸಿ ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆಸಿ ಬಿಚ್ಚಿಸಿ. ಗ್ರೈಂಡರಿನ ಗುಂಡುಕಲ್ಲು ಹೊರಗೆ ತೆಗೆದು ಬೇರೆ ಸುತ್ತಿ. ಒಳಗೇ ಬಿಟ್ಟರೆ ದಾರಿಯುದ್ದಕ್ಕೂ ಪಾತ್ರೆಗೆ ಬಡಿಯುತ್ತದೆ. ಟಿ.ವಿ. ನಿಲ್ಲಿಸಿಯೇ ಸಾಗಿಸಿ, ಪರದೆಯ ಮುಖ ಹಾಸಿಗೆಯ ಕಡೆಗಿರಲಿ. ವೈರು ಬಿಚ್ಚುವ ಮುಂಚೆ ಹಿಂಭಾಗದ ಫೋಟೋ ತೆಗೆಯಿರಿ. ಮಂಚ, ಮೇಜಿನ ಬೋಲ್ಟು ನಟ್ಟುಗಳನ್ನು ಚಿಕ್ಕ ಕವರಿಗೆ ಹಾಕಿ ಅದೇ ಮರದ ತುಂಡಿಗೆ ಟೇಪು ಸುತ್ತಿ. ಎಲ್ಲ ನಟ್ಟು ಒಂದೇ ಡಬ್ಬಿಗೆ ಹಾಕಿದರೆ ಮಂಚ ಜೋಡಿಸುವ ಹೊತ್ತಿಗೆ ಅರ್ಧ ರಾತ್ರಿ ಆಗುತ್ತದೆ.

ಕುಂಡದ ಗಿಡಗಳಿಗೆ ಹಿಂದಿನ ದಿನ ನೀರು ಹಾಕಬೇಡಿ, ಭಾರ ಕಡಿಮೆಯಾಗುತ್ತದೆ, ಕೆಸರೂ ಆಗುವುದಿಲ್ಲ. ಹೋದ ಮೇಲೆ ಎರಡು ಮೂರು ದಿನ ನೆರಳಲ್ಲಿಡಿ. ಸಿಮೆಂಟಿನ ತುಳಸಿ ಕಟ್ಟೆ ತರಲು ಆಗದಿದ್ದರೆ ಎರಡು ವಾರ ಮುಂಚೆ ಎಳೆ ಕಡ್ಡಿ ಮುರಿದು ನೀರಿನ ಲೋಟದಲ್ಲಿಡಿ. ಬೇರು ಬರುತ್ತದೆ.

ಗಾಡಿ ಮತ್ತು ಆಳುಗಳು

ಒಂದು ರೂಮಿನ ಮನೆಗೆ ಒಂದು ಟಾಟಾ ಏಸ್ ಎರಡು ಸಲ ಹೋಗಿ ಬಂದರೆ ಸಾಕಾಗುತ್ತದೆ. ಎರಡು ಬೆಡ್‌ರೂಮಿನ ತುಂಬಿದ ಸಂಸಾರಕ್ಕೆ 14 ಅಡಿಯ ಕ್ಯಾಂಟರ್ ಹೇಳುವುದೇ ಮೇಲು. ಆದರೆ ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೆ ಓಣಿಗಳಿಗೆ ಕ್ಯಾಂಟರ್ ಒಳಗೆ ಬರುತ್ತದಾ ಅಂತ ಡ್ರೈವರಿಗೆ ಜಾಗ ತೋರಿಸಿ. ಬಾರದಿದ್ದರೆ ಚಿಕ್ಕ ಗಾಡಿಯೇ ಸರಿ.

ದರ ಮಾತಾಡುವಾಗ ಎಲ್ಲ ಬಿಡಿಸಿ ಕೇಳಿ. ಎಷ್ಟು ಜನ ಬರುತ್ತಾರೆ? ಇಳಿಸಿ ಮಹಡಿಗೆ ಹೊರುವುದೂ ಸೇರಿದೆಯಾ? ಲಿಫ್ಟ್ ಇಲ್ಲದಿದ್ದರೆ ಎಷ್ಟು ಜಾಸ್ತಿ? ಮಂಚ ಬಿಚ್ಚಿ ಜೋಡಿಸುವುದು ಯಾರ ಕೆಲಸ? ಇದೆಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ‘ಸರಿ’ ಅಂತ ಉತ್ತರ ತರಿಸಿಕೊಳ್ಳಿ. ಮೂರನೇ ಸಲ ನಾವು ಬಾಯಿಮಾತಲ್ಲಿ ಬಿಟ್ಟೆವು. ಬೋಗಾದಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಮಹಡಿಗೆ ಹೊರಲು ಇನ್ನೂ 1,500 ರೂಪಾಯಿ ಬೇಕು ಅಂದರು. ಸಂಸಾರವೆಲ್ಲ ಅವರ ಗಾಡಿಯಲ್ಲಿದೆ, ಏನು ಮಾಡೋದು? ಕೊಟ್ಟೆವು. ಪೂರ್ತಿ ದುಡ್ಡು ಮುಂಚೆ ಕೊಡಬೇಡಿ. ಕೊನೆಯ ಡಬ್ಬ ಇಳಿದು, ನೋಟ್‌ಬುಕ್ಕಿನ ನಂಬರ್ ಎಲ್ಲ ಟಿಕ್ ಆದ ಮೇಲೆ ಬಾಕಿ ಕೊಡಿ. ಹೊರುವವರಿಗೆ ಬೆಳಿಗ್ಗೆ ತಿಂಡಿ ಕಾಫಿ, ನಡುವೆ ಕುಡಿಯುವ ನೀರು ನೀವೇ ವ್ಯವಸ್ಥೆ ಮಾಡಿ. ಹೊಟ್ಟೆ ತುಂಬಿದವರು ನಿಮ್ಮ ಗಾಜಿನ ಡಬ್ಬವನ್ನು ಮೆಲ್ಲಗೆ ಇಡುತ್ತಾರೆ.

ಮಂಡ್ಯಕ್ಕೋ ಬೆಂಗಳೂರಿಗೋ ಹೋಗುವವರಿಗೆ ಒಂದು ಸೂಚನೆ. 2023ರ ಆಗಸ್ಟಿನಿಂದ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಸ್ಕೂಟರ್ ಬಿಡುವುದಿಲ್ಲ. ಗಾಡಿ ಹಿಂದೆಯೇ ಬೈಕಲ್ಲಿ ಹೋಗುತ್ತೇನೆ ಅಂದುಕೊಂಡಿದ್ದರೆ ಸರ್ವಿಸ್ ರಸ್ತೆ ಹಿಡಿಯಬೇಕು. ಟೋಲ್ ಯಾರು ಕೊಡಬೇಕು ಅನ್ನುವುದನ್ನೂ ಮೊದಲೇ ಮಾತಾಡಿ.

ಕಾಗದ ಪತ್ರ, ಕರೆಂಟು, ಗ್ಯಾಸು

ಆಧಾರ್, ಪಾಸ್‌ಬುಕ್, ಒಡವೆ, ಅಂಕಪಟ್ಟಿ, ಬಾಡಿಗೆ ಕರಾರು, ಹೊಸ ಮನೆಯ ಕೀ, ಇವೆಲ್ಲ ಒಂದೇ ಕೈಚೀಲದಲ್ಲಿ, ಅದು ಮನೆಯ ಒಬ್ಬರ ಹೆಗಲಲ್ಲಿ. ಕೆಳಗೆ ಇಡಬಾರದು.

ಗೃಹಜ್ಯೋತಿ ಪಡೆಯುತ್ತಿರುವ ಬಾಡಿಗೆದಾರರು ಹಳೆ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ತಮ್ಮ ಆಧಾರ್ ಬಿಡಿಸಿಕೊಳ್ಳಬೇಕು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಡಿ-ಲಿಂಕ್ ಮಾಡುವ ಅವಕಾಶ ಇದೆ. ಅದಾದ ಮೇಲೆ ಹೊಸ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿ. ಹೊಸ ಮನೆಯಲ್ಲಿ ಹಿಂದೆ ಇದ್ದವರು ಬಿಡಿಸಿಕೊಳ್ಳದೇ ಹೋಗಿದ್ದರೆ ನಿಮ್ಮದು ಆಗುವುದಿಲ್ಲ. ಕರಾರು ಮಾಡುವಾಗಲೇ ಮನೆ ಮಾಲೀಕರಿಗೆ ಹೇಳಿ. ಮೈಸೂರು, ಮಂಡ್ಯ ಎರಡೂ ಸೆಸ್ಕ್ ಅನ್ನುವ ಒಂದೇ ವಿದ್ಯುತ್ ಕಂಪನಿಯ ವ್ಯಾಪ್ತಿಯಲ್ಲೇ ಇವೆ, ಕರೆಂಟಿನ ತೊಂದರೆಗೆ ಸಹಾಯವಾಣಿ 1912.

ಗ್ಯಾಸು: ಹೊಸ ಮನೆ ಅದೇ ಏಜೆನ್ಸಿಯ ವ್ಯಾಪ್ತಿಯಲ್ಲಿದ್ದರೆ ವಿಳಾಸ ಬದಲಿಸಿದರೆ ಸಾಕು. ಬೇರೆ ಏಜೆನ್ಸಿಯಾದರೆ ವರ್ಗಾವಣೆ ಕೇಳಿ. ಬೇರೆ ಊರಾದರೆ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟು, ಡೆಪಾಸಿಟ್ ಮತ್ತು ಚೀಟಿ ಪಡೆದು ಅಲ್ಲಿ ಹೊಸದಾಗಿ ತೆಗೆದುಕೊಳ್ಳಬೇಕು. ಊರೊಳಗೆ ಒಯ್ಯುವಾಗ ಸಿಲಿಂಡರಿಗೆ ಕ್ಯಾಪ್ ಹಾಕಿ, ನೆಟ್ಟಗೆ ನಿಲ್ಲಿಸಿ.

ಆಧಾರ್ ವಿಳಾಸ ಮೊದಲು ಬದಲಿಸಿ. ಬ್ಯಾಂಕು, ಗ್ಯಾಸು ಎಲ್ಲದಕ್ಕೂ ಅದನ್ನೇ ತೋರಿಸಬಹುದು. ಮತದಾರರ ಪಟ್ಟಿಗೆ ನಮೂನೆ 8. ಗಾಡಿಯ ಆರ್‌ಸಿಯಲ್ಲಿ ವಿಳಾಸ ಬದಲಾವಣೆ 30 ದಿನದೊಳಗೆ ತಿಳಿಸಬೇಕು.

ಹಳೆ ಮನೆಯ ಅಡ್ವಾನ್ಸ್ ವಿಷಯ ತಿಂಗಳ ಮುಂಚೆಯೇ ಬಾಯಿಬಿಟ್ಟು ಮಾತಾಡಿ. ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಕರಾರಿನಲ್ಲಿ ಏನಿದೆ ನೋಡಿ. ಮನೆ ಖಾಲಿಯಾದ ಮೇಲೆ ಗೋಡೆ, ಬಾತ್‌ರೂಮು, ಸಿಂಕು, ಕರೆಂಟ್ ಮೀಟರಿನ ಅಂಕಿ ಎಲ್ಲದರ ಫೋಟೋ ತೆಗೆಯಿರಿ. ಕೀ ಕೊಡುವ ದಿನವೇ ಲೆಕ್ಕ ಮುಗಿಸಿ.

ಹಾಲುಕ್ಕಿಸುವುದು, ಆ ರಾತ್ರಿ

ಗಾಡಿ ಬರುವ ಹಿಂದಿನ ದಿನ ಇಲ್ಲವೇ ಅದೇ ದಿನ ಬೆಳಗಿನ ಜಾವ ಹೋಗಿ ಹಾಲುಕ್ಕಿಸಿ ಬನ್ನಿ. ಜೊತೆಗೆ ಹೋಗಬೇಕಾದದ್ದು ಒಂದೇ ಬುಟ್ಟಿ: ದೇವರ ಪಟ, ದೀಪ, ಬತ್ತಿ, ಎಣ್ಣೆ, ಬೆಂಕಿಪೊಟ್ಟಣ, ಅರಿಶಿನ ಕುಂಕುಮ, ಉಪ್ಪು, ಬೆಲ್ಲ, ಅಕ್ಕಿ, ತುಂಬಿದ ಬಿಂದಿಗೆ, ಮಾವಿನ ಸೊಪ್ಪು, ಒಂದು ಮೊಳ ಮಲ್ಲಿಗೆ, ಅರ್ಧ ಲೀಟರ್ ಹಾಲು, ಹೊಸ ಪಾತ್ರೆ. ಸ್ಟೌ ಮತ್ತು ಸಿಲಿಂಡರ್ ಆಗಲೇ ಅಲ್ಲಿ ಹೋಗಿ ಕೂತರೆ ಮಾರನೇ ದಿನ ಕಾಫಿಗೆ ತೊಂದರೆ ಇಲ್ಲ. ಪೊರಕೆ ಹಳೆಯದು ಬೇಡ, ಹೊಸದೇ ಕೊಳ್ಳಿ.

ಇನ್ನೊಂದು ಚೀಲ ಆ ರಾತ್ರಿಗೆ. ಇದು ಗಾಡಿಗೆ ಹೋಗುವುದಿಲ್ಲ, ನಿಮ್ಮ ಜೊತೆ ಬರುತ್ತದೆ. ನಮ್ಮದರಲ್ಲಿ ಇರುವುದು ಇಷ್ಟು: ಎಲ್ಲರ ಮಾತ್ರೆ, ಮೂರು ಬಲ್ಬು, ಟಾರ್ಚು, ಮೊಬೈಲ್ ಚಾರ್ಜರ್, ಎಕ್ಸ್‌ಟೆನ್ಷನ್ ವೈರು, ಕತ್ತರಿ, ಸ್ಕ್ರೂಡ್ರೈವರ್, ಸೋಪು, ಬ್ರಷ್ಷು, ಒಂದು ಮಗ್ಗು, ಒಂದೊಂದು ಜೊತೆ ಬಟ್ಟೆ, ಹೊದಿಕೆ, ಸೊಳ್ಳೆಬತ್ತಿ, ಕಾಫಿಪುಡಿ, ಸಕ್ಕರೆ, ನಾಲ್ಕು ಲೋಟ, ಕುಡಿಯುವ ನೀರಿನ ಕ್ಯಾನು. ರಾತ್ರಿ ಊಟಕ್ಕೆ ಬೆಳಿಗ್ಗೆಯೇ ಪುಳಿಯೋಗರೆ ಕಲಸಿಡುತ್ತೇವೆ, ಕೆಡುವುದಿಲ್ಲ.

ಸಾಮಾನು ಇಳಿಯುವಾಗ ಒಬ್ಬರು ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಲ್ಲಿ, ಇನ್ನೊಬ್ಬರು ಒಳಗೆ ಯಾವ ರೂಮು ಅಂತ ತೋರಿಸಲಿ. ಮೊದಲು ಜೋಡಿಸಬೇಕಾದದ್ದು ಹಾಸಿಗೆ. ಅಡುಗೆಮನೆ ಮಾರನೇ ದಿನ, ಹಾಲ್ ಮತ್ತು ಬಟ್ಟೆಯ ಬೀರು ಆ ವಾರ, ಅಟ್ಟದ ಡಬ್ಬಗಳು ಯಾವಾಗಲಾದರೂ. ವಯಸ್ಸಾದವರು, ಮಕ್ಕಳು ಮಲಗುವ ರೂಮಿಗೆ ಸಂಜೆ ಆರರೊಳಗೆ ಬಲ್ಬು ಹಾಕಿ, ಮಂಚ ಇಲ್ಲದಿದ್ದರೂ ಹಾಸಿಗೆ ಹಾಸಿಬಿಡಿ.

ದಟ್ಟಗಳ್ಳಿಯ ಮನೆಗೆ ಬಂದ ದಿನ ಅಪ್ಪ ಎಂಟೂವರೆಗೆ ಪುಳಿಯೋಗರೆ ತಿಂದು, ಮಾತ್ರೆ ನುಂಗಿ, ತಮ್ಮ ಹಾಸಿಗೆಯಲ್ಲಿ ತಮ್ಮದೇ ಕಂಬಳಿ ಹೊದ್ದು ಮಲಗಿದರು. ಪಕ್ಕದ ರೂಮಿನಲ್ಲಿ ಐವತ್ತೆರಡು ಡಬ್ಬ ಹಾಗೇ ಇದ್ದವು.